ಹಾಡಿನ ಹಿಂದಿನ ಕಾಸು: 'ಪೇಯೋಲಾ' ಎಂಬ ಪದದ ಕಥೆ

1959ರ ನವೆಂಬರ್ ತಿಂಗಳು. ನ್ಯೂಯಾರ್ಕಿನ ಡಬ್ಲ್ಯುಎಬಿಸಿ ರೇಡಿಯೋ ಕೇಂದ್ರದವರು ತಮ್ಮಲ್ಲಿ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದ ಅಲನ್ ಫ್ರೀಡ್ ಎಂಬ ನಿರೂಪಕನ ಮುಂದೆ ಒಂದು ಕಾಗದ ಇಟ್ಟರು. ರೆಕಾರ್ಡು ಹಾಕುವುದಕ್ಕಾಗಿ ತಾನು ಯಾರಿಂದಲೂ ಹಣವನ್ನಾಗಲಿ ಉಡುಗೊರೆಯನ್ನಾಗಲಿ ಪಡೆದಿಲ್ಲ ಎಂಬ ಅರ್ಥದ ಹೇಳಿಕೆ ಅದು. ಕೆಳಗೆ ಒಂದು ರುಜು ಬಿದ್ದಿದ್ದರೆ ಕೆಲಸ ಉಳಿಯುತ್ತಿತ್ತು. ಇದು ತತ್ವದ ಪ್ರಶ್ನೆ ಎಂದು ಫ್ರೀಡ್ ರುಜು ಹಾಕಲು ಒಪ್ಪಲಿಲ್ಲ. ಕೆಲಸ ಹೋಯಿತು. 1965ರ ಜನವರಿಯಲ್ಲಿ ಆತ ತೀರಿಕೊಂಡಾಗ ವಯಸ್ಸು ಬರೀ 43. ತಲೆಯ ಮೇಲೆ ಆದಾಯ ತೆರಿಗೆ ಮೊಕದ್ದಮೆಯೊಂದು ಇನ್ನೂ ತೂಗುತ್ತಿತ್ತು. 'ರಾಕ್ ಅಂಡ್ ರೋಲ್' ಎಂಬ ಹೆಸರನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ ಮನುಷ್ಯನ ಕೊನೆ ಹೀಗಾಯಿತು.

ಅವನನ್ನು ಬೀಳಿಸಿದ್ದು ಒಂದು ಪದ. ಆ ಪದ 'ಪೇಯೋಲಾ'.

ನಿಘಂಟು ತೆರೆದರೆ ಇದರ ಅರ್ಥ ಸರಳ: ಒಂದು ಹಾಡನ್ನು ರೇಡಿಯೋದಲ್ಲಿ ಮತ್ತೆ ಮತ್ತೆ ಹಾಕಲಿ ಎಂದು ರೆಕಾರ್ಡ್ ಕಂಪೆನಿಯವರು ನಿರೂಪಕನಿಗೆ ಗುಟ್ಟಾಗಿ ಕೊಡುವ ಹಣ. ಕನ್ನಡದಲ್ಲಿ ಇದನ್ನು 'ಲಂಚ' ಎಂದರೆ ಅರ್ಥ ಬರುತ್ತದೆ, ಆದರೆ ಪದದ ಧಾಟಿ ಬರುವುದಿಲ್ಲ. 'ಲಂಚ' ಎನ್ನುವಾಗ ದನಿಯಲ್ಲಿ ಆರೋಪವಿರುತ್ತದೆ. 'ಪೇಯೋಲಾ' ಅದಕ್ಕಿಂತ ನಮ್ಮ 'ಮಾಮೂಲು' ಎಂಬ ಪದಕ್ಕೆ ಹತ್ತಿರ. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಮುಜುಗರವಾಗದಂತೆ, ಇದೆಲ್ಲ ಇದ್ದದ್ದೇ ಎಂಬಂತೆ ಹೇಳುವ ಮಾತು. ಒಂದು ಉದ್ಯಮ ತನ್ನ ತಪ್ಪಿಗೆ ತಾನೇ ಇಟ್ಟುಕೊಂಡ ಮುದ್ದಿನ ಹೆಸರು.

'ಓಲಾ' ಎಂಬ ಬಾಲ

ಪದವನ್ನು ಬಿಡಿಸಿ ನೋಡಿದರೆ ಎರಡು ತುಂಡು. 'ಪೇ' ಎಂದರೆ ಹಣ ಕೊಡು. ಅದರ ಹಿಂದಿರುವ 'ಓಲಾ' ಎಂಬ ಬಾಲಕ್ಕೆ ಸ್ವಂತ ಅರ್ಥವಿಲ್ಲ. ಆದರೆ ಒಂದು ಕಾಲದಲ್ಲಿ ಅದಕ್ಕೆ ಭಾರೀ ಬೇಡಿಕೆಯಿತ್ತು. ತಾನೇ ನುಡಿಯುವ ಪಿಯಾನೋ ಯಂತ್ರಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ 'ಪಿಯಾನೋಲಾ' ಎಂಬ ವ್ಯಾಪಾರಿ ಹೆಸರು ಬಂತು. 1906ರಲ್ಲಿ ವಿಕ್ಟರ್ ಕಂಪೆನಿ ತನ್ನ ಗ್ರಾಮಫೋನಿಗೆ 'ವಿಕ್ಟ್ರೋಲಾ' ಎಂದು ಹೆಸರಿಟ್ಟಿತು. 1920ರ ದಶಕದಲ್ಲಿ ಸಿನಿಮಾ ಸಂಕಲನದ ಯಂತ್ರ 'ಮೂವಿಯೋಲಾ' ಆಯಿತು. 1930ರಲ್ಲಿ ಮೋಟಾರು ಕಾರಿಗೆ ಹೊಂದಿಸುವ ರೇಡಿಯೋಗೆ 'ಮೊಟೊರೋಲಾ' ಎಂಬ ಹೆಸರು ಬಂತು. ಹೀಗೆ ಸಂಗೀತ ಮತ್ತು ಮನರಂಜನೆಯ ಯಂತ್ರಗಳ ಹೆಸರಿಗೆಲ್ಲ ಈ ಬಾಲ ಅಂಟಿಕೊಂಡಿತ್ತು.

ಹೀಗಾಗಿ 'ಪೇಯೋಲಾ' ಎಂದ ತಕ್ಷಣ ಅಮೆರಿಕದವನ ಕಿವಿಗೆ ಅದೊಂದು ಹೊಸ ಯಂತ್ರದ ಹೆಸರಿನಂತೆ ಕೇಳಿಸುತ್ತಿತ್ತು. ಕಾಸು ಹಾಕಿದರೆ ಹಾಡು ಹೊರಡುವ ಯಂತ್ರ! ಕುಹಕ ಇರುವುದೇ ಅಲ್ಲಿ.

ಈ ಪದವನ್ನು ಅಚ್ಚಿಗೆ ತಂದ ಕೀರ್ತಿ 'ವೆರೈಟಿ' ಎಂಬ ಪತ್ರಿಕೆಗೆ ಸಲ್ಲುತ್ತದೆ. 1905ರಲ್ಲಿ ಸೈಮ್ ಸಿಲ್ವರ್‌ಮನ್ ಎಂಬಾತ ನ್ಯೂಯಾರ್ಕಿನಲ್ಲಿ ಆರಂಭಿಸಿದ ಈ ಪತ್ರಿಕೆ ನಾಟಕ, ಸಂಗೀತ, ಸಿನಿಮಾ ವ್ಯವಹಾರದವರಿಗಾಗಿ ಮೀಸಲು. ಅದರ ಭಾಷೆಯೇ ಬೇರೆ. ಶೀರ್ಷಿಕೆಗಳು ಹೊರಗಿನವರಿಗೆ ಒಗಟಿನಂತಿರುತ್ತಿದ್ದವು. ರಂಗದ ಹಿಂಬದಿಯಲ್ಲಿ, ಹೋಟೆಲಿನ ಮೊಗಸಾಲೆಯಲ್ಲಿ ಓಡಾಡುತ್ತಿದ್ದ ಮಾತುಗಳನ್ನು ಅದು ಹಾಗೆಯೇ ಎತ್ತಿ ಅಚ್ಚು ಹಾಕುತ್ತಿತ್ತು. ಇಲ್ಲದಿದ್ದರೆ ತಾನೇ ಟಂಕಿಸುತ್ತಿತ್ತು. 1930ರ ದಶಕದ ಕೊನೆಯ ಹೊತ್ತಿಗೆ 'ಪೇಯೋಲಾ' ಅದರ ಪುಟಗಳಲ್ಲಿ ಕಾಣಿಸಿಕೊಂಡಿತು. ಮುಂದಿನ ಇಪ್ಪತ್ತು ವರ್ಷ ಅದು ಒಳಗಿನವರ ಪದವಾಗಿಯೇ ಉಳಿಯಿತು.

ರೇಡಿಯೋಗಿಂತ ಹಳೆಯ ಪದ್ಧತಿ

ಪದ ಹುಟ್ಟುವ ಎಷ್ಟೋ ಮೊದಲೇ ಪದ್ಧತಿ ಹುಟ್ಟಿತ್ತು. ರೆಕಾರ್ಡೂ ರೇಡಿಯೋವೂ ಇಲ್ಲದ ಕಾಲದಲ್ಲಿ ಹಾಡಿನ ವ್ಯಾಪಾರವೆಂದರೆ ಸ್ವರಲಿಪಿಯ ಹಾಳೆಗಳ ವ್ಯಾಪಾರ. ಮಧ್ಯಮ ವರ್ಗದ ಮನೆಗಳಲ್ಲಿ ಪಿಯಾನೋ ಇರುತ್ತಿತ್ತು. ಸಂಜೆ ನಾಟಕಶಾಲೆಯಲ್ಲಿ ಕೇಳಿದ ಹಾಡು ಮನಸ್ಸಿಗೆ ಹಿಡಿಸಿದರೆ ಮರುದಿನ ಅಂಗಡಿಗೆ ಹೋಗಿ ಅದರ ಹಾಳೆ ಕೊಂಡು ತಂದು ಮನೆಯಲ್ಲಿ ನುಡಿಸುತ್ತಿದ್ದರು. ಆದ್ದರಿಂದ ಪ್ರಕಾಶಕನಿಗೆ ಬೇಕಾದದ್ದು ಒಂದೇ: ಹೆಸರಾಂತ ಗಾಯಕನೊಬ್ಬ ತನ್ನ ಹಾಡನ್ನು ವೇದಿಕೆಯ ಮೇಲೆ ಹಾಡಬೇಕು.

1892ರಲ್ಲಿ ಚಾರ್ಲ್ಸ್ ಹ್ಯಾರಿಸ್ ಎಂಬಾತ 'ಆಫ್ಟರ್ ದಿ ಬಾಲ್' ಎಂಬ ಹಾಡು ಬರೆದ. ಮಿಲ್ವಾಕಿ ನಗರಕ್ಕೆ ಬಂದಿದ್ದ ನಾಟಕ ಮಂಡಳಿಯೊಂದರ ಮುಖ್ಯ ಗಾಯಕನಿಗೆ 500 ಡಾಲರ್ ಕೊಟ್ಟು, ಹಾಡಿನ ಲಾಭದಲ್ಲಿ ಪಾಲನ್ನೂ ಒಪ್ಪಿಸಿ, ಆತ ಅದನ್ನು ನಾಟಕದ ನಡುವೆ ಹಾಡಿಸಿದನೆಂಬ ಕಥೆ ಅಮೆರಿಕದ ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆ ಹಾಡಿನ ಹಾಳೆಗಳು ಲಕ್ಷಗಟ್ಟಲೆ ಮಾರಾಟವಾದವು. ಉಳಿದ ಪ್ರಕಾಶಕರು ಪಾಠ ಕಲಿಯಲು ತಡಮಾಡಲಿಲ್ಲ.

ನ್ಯೂಯಾರ್ಕಿನಲ್ಲಿ ಹಾಡಿನ ಪ್ರಕಾಶಕರೆಲ್ಲ ನೆಲೆಸಿದ್ದ ಬೀದಿಗೆ 'ಟಿನ್ ಪ್ಯಾನ್ ಆಲಿ' ಎಂದು ಹೆಸರು. ಅಲ್ಲಿ 'ಸಾಂಗ್ ಪ್ಲಗರ್' ಎಂಬುದೊಂದು ಉದ್ಯೋಗವೇ ಇತ್ತು. ಪ್ರಕಾಶಕನ ಹಾಡುಗಳನ್ನು ದಿನವಿಡೀ ಪಿಯಾನೋದಲ್ಲಿ ನುಡಿಸಿ ತೋರಿಸುವುದು, ಗಾಯಕರ ಹಿಂದೆ ಬೀಳುವುದು, ಹಾಡು ವೇದಿಕೆ ಹತ್ತುವಂತೆ ನೋಡಿಕೊಳ್ಳುವುದು ಅವರ ಕೆಲಸ. ಮುಂದೆ ಜಗತ್ಪ್ರಸಿದ್ಧ ಸಂಗೀತಗಾರನಾದ ಜಾರ್ಜ್ ಗರ್ಷ್ವಿನ್ 1914ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಶಾಲೆ ಬಿಟ್ಟು ಸೇರಿದ್ದು ಇದೇ ಕೆಲಸಕ್ಕೆ.

ಗಾಯಕರಿಗೆ ಕೊಡುವ ಹಣ ಏರುತ್ತಾ ಹೋಗಿ ಪ್ರಕಾಶಕರಿಗೇ ಹೊರೆಯಾಯಿತು. 1917ರಲ್ಲಿ ಅವರೆಲ್ಲ ಸೇರಿ, ಇನ್ನು ಮುಂದೆ ಯಾರೂ ಹಣ ಕೊಡಕೂಡದೆಂದು ಒಂದು ಸಂಘ ಕಟ್ಟಿಕೊಂಡರು. ಕಟ್ಟುಪಾಡು ಹೆಚ್ಚು ದಿನ ನಿಲ್ಲಲಿಲ್ಲ. ಎಲ್ಲರೂ ಕೊಡುವುದನ್ನು ನಿಲ್ಲಿಸಿದಾಗ ಒಬ್ಬ ಗುಟ್ಟಾಗಿ ಕೊಟ್ಟರೆ ಅವನಿಗೆ ದೊರೆಯುವ ಲಾಭ ಎಲ್ಲರಿಗಿಂತ ದೊಡ್ಡದು. ಒಬ್ಬ ಕೊಟ್ಟನೆಂದು ತಿಳಿದ ಮೇಲೆ ಉಳಿದವರೂ ಕೊಡಲೇಬೇಕು. ಪೇಯೋಲಾದ ಇಡೀ ಇತಿಹಾಸ ಈ ಎರಡು ವಾಕ್ಯದಲ್ಲಿ ಅಡಗಿದೆ.

ರೆಕಾರ್ಡ್ ತಿರುಗಿಸುವವನ ಕೈಯಲ್ಲಿ ಅಧಿಕಾರ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮನೆಗಳಿಗೆ ಟೆಲಿವಿಷನ್ ಬಂತು. ನಾಟಕ, ಹಾಸ್ಯ, ದೊಡ್ಡ ದೊಡ್ಡ ವಾದ್ಯವೃಂದಗಳ ಕಾರ್ಯಕ್ರಮಗಳೆಲ್ಲ ರೇಡಿಯೋ ಬಿಟ್ಟು ಟೆಲಿವಿಷನ್‌ಗೆ ಹೊರಟುಹೋದವು. ಖಾಲಿಯಾದ ಗಂಟೆಗಳನ್ನು ತುಂಬಲು ರೇಡಿಯೋಗೆ ಉಳಿದ ಅಗ್ಗದ ದಾರಿ ರೆಕಾರ್ಡು ಹಾಕುವುದು. ಹಾಗೆ ಹಾಕುತ್ತಾ ನಡುನಡುವೆ ಹರಟೆ ಹೊಡೆಯುವವನಿಗೆ 'ಡಿಸ್ಕ್ ಜಾಕಿ' ಎಂಬ ಹೆಸರು ಬಂತು. ಜಾಕಿ ಎಂದರೆ ಪಂದ್ಯದ ಕುದುರೆ ಸವಾರ. ಈತ ತಿರುಗುವ ತಟ್ಟೆಯ ಸವಾರ.

1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪೆನಿ ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ರೆಕಾರ್ಡನ್ನು ಮಾರುಕಟ್ಟೆಗೆ ತಂದಿತು. ಹಗುರ, ಅಗ್ಗ, ಒಂದೊಂದು ಬದಿಗೆ ಒಂದೊಂದೇ ಹಾಡು. ಸ್ವಲ್ಪ ಬಂಡವಾಳ ಇದ್ದವರೂ ಕಂಪೆನಿ ಆರಂಭಿಸಬಹುದಾಯಿತು. ಷಿಕಾಗೋ, ಮೆಂಫಿಸ್, ಲಾಸ್ ಏಂಜಲೀಸ್ ಮುಂತಾದ ನಗರಗಳಲ್ಲಿ ಚಿಕ್ಕ ಚಿಕ್ಕ ಕಂಪೆನಿಗಳು ಹುಟ್ಟಿಕೊಂಡವು. ದೊಡ್ಡ ಕಂಪೆನಿಗಳು ಅಷ್ಟಾಗಿ ಲಕ್ಷ್ಯ ಕೊಡದ ಕಪ್ಪು ಜನರ ಸಂಗೀತ, ಹಳ್ಳಿಗಾಡಿನ ಸಂಗೀತ ಇವರ ಬಂಡವಾಳವಾಯಿತು. ವಾರವಾರವೂ ನೂರಾರು ಹೊಸ ರೆಕಾರ್ಡುಗಳು ರೇಡಿಯೋ ಕೇಂದ್ರಗಳ ಬಾಗಿಲಿಗೆ ಬಂದು ಬೀಳತೊಡಗಿದವು. ದಿನಕ್ಕೆ ಇರುವುದು ಇಪ್ಪತ್ತನಾಲ್ಕೇ ಗಂಟೆ. ಯಾವುದು ಗಾಳಿಗೇರಬೇಕು, ಯಾವುದು ಕಸದ ಬುಟ್ಟಿಗೆ ಬೀಳಬೇಕು ಎಂಬ ನಿರ್ಧಾರ ಒಬ್ಬ ಸಂಬಳದಾರ ನಿರೂಪಕನ ಕೈಗೆ ಬಂತು. ಅವನು ಮನಸ್ಸು ಮಾಡಿದರೆ ಒಂದು ಹಾಡಿನಿಂದ ಲಕ್ಷಾಂತರ ಡಾಲರ್ ಹುಟ್ಟುತ್ತಿತ್ತು. ಅವನ ಸಂಬಳ ಮಾತ್ರ ಅಷ್ಟರಲ್ಲೇ ಇತ್ತು. ಕಾಸು ಹರಿಯಲು ಇದಕ್ಕಿಂತ ಒಳ್ಳೆಯ ಇಳಿಜಾರು ಬೇಕಿರಲಿಲ್ಲ.

ಕಾಸು ಎಂದರೆ ನೋಟಿನ ಲಕೋಟೆಯೇ ಆಗಬೇಕಿರಲಿಲ್ಲ. ಸಂಗೀತ ಸಲಹೆಗಾರನೆಂಬ ಹೆಸರಿನಲ್ಲಿ ತಿಂಗಳ ಚೆಕ್ ಬರಬಹುದು, ತೀರಿಸಬೇಕಿಲ್ಲದ ಸಾಲ ದೊರೆಯಬಹುದು, ರಜೆಯ ಪ್ರವಾಸದ ಖರ್ಚನ್ನು ಯಾರೋ ಕೊಡಬಹುದು. ಎಲ್ಲಕ್ಕಿಂತ ಜಾಣತನದ ರೂಪವೆಂದರೆ ಹಾಡು ಬರೆದವರ ಪಟ್ಟಿಯಲ್ಲಿ ಹೆಸರು ಸೇರಿಸುವುದು.

ಇದಕ್ಕೆ ಒಳ್ಳೆಯ ಉದಾಹರಣೆ ಚಕ್ ಬೆರಿಯ ಮೊದಲ ಜನಪ್ರಿಯ ಹಾಡು 'ಮೇಬಲೀನ್'. 1955ರಲ್ಲಿ ಷಿಕಾಗೋದ ಚೆಸ್ ಕಂಪೆನಿ ಅದನ್ನು ಹೊರತಂದಾಗ ರಚನಕಾರರೆಂದು ಮೂವರ ಹೆಸರಿತ್ತು: ಚಕ್ ಬೆರಿ, ರಸ್ ಫ್ರಾಟೋ, ಅಲನ್ ಫ್ರೀಡ್. ಫ್ರಾಟೋ ಚೆಸ್ ಕಂಪೆನಿಯವರೊಡನೆ ವ್ಯವಹಾರವಿದ್ದ ವ್ಯಕ್ತಿ. ಫ್ರೀಡ್ ನ್ಯೂಯಾರ್ಕಿನಲ್ಲಿ ರೆಕಾರ್ಡು ಹಾಕುವವನು. ಇಬ್ಬರೂ ಆ ಹಾಡಿನ ಒಂದು ಸಾಲನ್ನೂ ಬರೆದವರಲ್ಲ. ಫ್ರೀಡ್ ಆ ಹಾಡನ್ನು ಬಿಡದೆ ಹಾಕಿದ. ಹಾಡು ದೇಶವನ್ನೇ ಗೆದ್ದಿತು. ತನ್ನ ಹಾಡಿಗೆ ಇನ್ನಿಬ್ಬರು ಪಾಲುದಾರರಿದ್ದಾರೆ ಎಂಬುದು ಬೆರಿಗೆ ತಿಳಿದದ್ದು ಹಾಡು ಹೊರಬಂದ ಮೇಲೆ. ಪೂರ್ತಿ ಹಕ್ಕು ಅವನಿಗೆ ಮರಳಿದ್ದು 1986ರಲ್ಲಿ, ಅಂದರೆ 31 ವರ್ಷಗಳ ನಂತರ.

ಹಾಗೆಂದು ಫ್ರೀಡ್ ಬರೀ ದುರಾಸೆಯ ಮನುಷ್ಯ ಎಂದುಬಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಪ್ಪು ಗಾಯಕರ ಹಾಡನ್ನು ಬಿಳಿಯ ಗಾಯಕರಿಂದ ಮತ್ತೆ ಹಾಡಿಸಿ, ಆ ನಕಲನ್ನೇ ಬಿಳಿಯ ಕೇಳುಗರಿಗೆ ಕೇಳಿಸುವುದು ಆ ಕಾಲದ ರೂಢಿ. ಫ್ರೀಡ್ ಮೂಲ ಗಾಯಕರ ರೆಕಾರ್ಡುಗಳನ್ನೇ ಹಾಕುತ್ತಿದ್ದ. 1952ರ ಮಾರ್ಚ್‌ನಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಆತ ಏರ್ಪಡಿಸಿದ ಸಂಗೀತ ಕಾರ್ಯಕ್ರಮಕ್ಕೆ ಸಭಾಂಗಣ ಹಿಡಿಯಲಾರದಷ್ಟು ಜನ ನುಗ್ಗಿ ಪೊಲೀಸರು ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಆತನ ಸಭೆಗಳಲ್ಲಿ ಕಪ್ಪು, ಬಿಳಿಯ ಹುಡುಗ ಹುಡುಗಿಯರು ಒಂದೇ ಛಾವಣಿಯ ಕೆಳಗೆ ಕುಣಿಯುತ್ತಿದ್ದರು. ಆಗಿನ ಅಮೆರಿಕದಲ್ಲಿ ಇದನ್ನು ಸಹಿಸದವರು ಬಹಳ ಮಂದಿ ಇದ್ದರು.

ಒಳಮನೆಯ ಮಾತು ಬೀದಿಗೆ ಬಂದದ್ದು

1959ರಲ್ಲಿ ಅಮೆರಿಕವನ್ನು ಮೊದಲು ಬೆಚ್ಚಿಸಿದ್ದು ಟೆಲಿವಿಷನ್ ರಸಪ್ರಶ್ನೆಗಳ ಹಗರಣ. ಜನಪ್ರಿಯ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಉತ್ತರಗಳನ್ನು ಮೊದಲೇ ಹೇಳಿಕೊಡಲಾಗಿತ್ತೆಂದು ಬಯಲಾಯಿತು. ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಕಾಲೇಜು ಅಧ್ಯಾಪಕ ಆ ವರ್ಷದ ನವೆಂಬರ್ 2ರಂದು ಪ್ರತಿನಿಧಿ ಸಭೆಯ ಉಪಸಮಿತಿಯ ಮುಂದೆ ತಪ್ಪೊಪ್ಪಿಕೊಂಡ. ಓರೆನ್ ಹ್ಯಾರಿಸ್ ಅಧ್ಯಕ್ಷತೆಯ ಅದೇ ಉಪಸಮಿತಿ ನಂತರ ರೇಡಿಯೋ ಕಡೆ ತಿರುಗಿತು. ಅದೇ ವರ್ಷದ ಮೇ ತಿಂಗಳಲ್ಲಿ ಮಯಾಮಿ ಬೀಚ್‌ನಲ್ಲಿ ನಡೆದ ಡಿಸ್ಕ್ ಜಾಕಿಗಳ ಸಮಾವೇಶದ ಖರ್ಚನ್ನು ರೆಕಾರ್ಡ್ ಕಂಪೆನಿಗಳು ಹೊತ್ತಿದ್ದವು. ಅಲ್ಲಿನ ಮೋಜಿನ ವರದಿಗಳು ಪತ್ರಿಕೆಗಳಲ್ಲಿ ಬಂದು ಹೆಸರು ಆಗಲೇ ಕೆಟ್ಟಿತ್ತು.

ಇಪ್ಪತ್ತು ವರ್ಷ 'ವೆರೈಟಿ'ಯ ಪುಟಗಳಲ್ಲಿ ಅಡಗಿದ್ದ ಪದ ಕೆಲವೇ ವಾರಗಳಲ್ಲಿ ದೇಶದ ಎಲ್ಲ ದಿನಪತ್ರಿಕೆಗಳ ಮುಖಪುಟಕ್ಕೆ ಬಂತು. ಅಧ್ಯಕ್ಷ ಐಸೆನ್‌ಹೋವರ್ ತನಕ ವಿಷಯ ಹೋಯಿತು. ವಿಚಾರಣೆ ನಡೆದಿದ್ದಾಗಲೇ ಒಂದು ವಿಪರ್ಯಾಸವೂ ನಡೆಯಿತು. ರೇಡಿಯೋ ಕೇಂದ್ರಗಳ ಮೇಲೆ ಕಣ್ಣಿಡಬೇಕಾದ ಫೆಡರಲ್ ಸಂಪರ್ಕ ಆಯೋಗದ ಅಧ್ಯಕ್ಷ ಜಾನ್ ಡಾರ್ಫರ್, ಪ್ರಸಾರ ಕಂಪೆನಿಯೊಂದರ ಮಾಲೀಕನ ವಿಹಾರ ನೌಕೆಯಲ್ಲಿ ಆತಿಥ್ಯ ಪಡೆದದ್ದು ಹೊರಬಿದ್ದು 1960ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಬೇಲಿಯೇ ಹೊಲ ಮೇಯ್ದಿತ್ತು.

ವಿಚಾರಣೆಯಲ್ಲಿ ಎಲ್ಲರ ಗಮನ ಸೆಳೆದವರು ಇಬ್ಬರು. ಒಬ್ಬ ಫ್ರೀಡ್. ಇನ್ನೊಬ್ಬ ಡಿಕ್ ಕ್ಲಾರ್ಕ್. 1957ರಿಂದ ಎಬಿಸಿ ಟೆಲಿವಿಷನ್‌ನಲ್ಲಿ ದೇಶಕ್ಕೆಲ್ಲ ಪ್ರಸಾರವಾಗುತ್ತಿದ್ದ 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಕಾರ್ಯಕ್ರಮದ ನಿರೂಪಕ. ರೆಕಾರ್ಡು ತಯಾರಿಕೆ, ಹಾಡಿನ ಪ್ರಕಾಶನ, ವಿತರಣೆ ಇತ್ಯಾದಿಗಳಲ್ಲಿ ತೊಡಗಿದ 33 ಸಂಸ್ಥೆಗಳಲ್ಲಿ ಕ್ಲಾರ್ಕ್‌ಗೆ ಪಾಲಿತ್ತೆಂದು ಉಪಸಮಿತಿ ಕಂಡುಕೊಂಡಿತು. ತನಗೆ ಪಾಲಿದ್ದ ಹಾಡುಗಳನ್ನು ತನ್ನದೇ ಕಾರ್ಯಕ್ರಮದಲ್ಲಿ ಮೆರೆಸಲು ಅವನಿಗೆ ಅವಕಾಶವಿತ್ತು. ಆದರೆ ಆಯ್ಕೆ ಮಾಡಿಕೊಳ್ಳಲು ಎಬಿಸಿ ಹೇಳಿದಾಗ ಕ್ಲಾರ್ಕ್ ಆ ಪಾಲುಗಳನ್ನು ಬಿಟ್ಟುಕೊಟ್ಟು ಟೆಲಿವಿಷನ್ ಕೆಲಸ ಉಳಿಸಿಕೊಂಡ. ಸಮಿತಿಯ ಮುಂದೆ ಗರಿಗರಿ ಉಡುಪಿನಲ್ಲಿ, ವಿನಯದಿಂದ, ಲೆಕ್ಕಪತ್ರ ಹಿಡಿದು ಬಂದ. ಅವನ ಮೇಲೆ ಮೊಕದ್ದಮೆ ಆಗಲಿಲ್ಲ. 2012ರಲ್ಲಿ ತೀರಿಕೊಳ್ಳುವವರೆಗೂ ಅಮೆರಿಕದ ಅಚ್ಚುಮೆಚ್ಚಿನ ಮುಖವಾಗಿಯೇ ಉಳಿದ.

ಫ್ರೀಡ್‌ನನ್ನು 1960ರ ಮೇ ತಿಂಗಳಲ್ಲಿ ವಾಣಿಜ್ಯ ಲಂಚದ ಆರೋಪದ ಮೇಲೆ ಬಂಧಿಸಲಾಯಿತು. 1962ರ ಡಿಸೆಂಬರ್‌ನಲ್ಲಿ ಎರಡು ಆರೋಪಗಳನ್ನು ಒಪ್ಪಿಕೊಂಡ ಅವನಿಗೆ ನ್ಯಾಯಾಲಯ ವಿಧಿಸಿದ ದಂಡ 300 ಡಾಲರ್. ದಂಡ ಚಿಕ್ಕದು, ಆದರೆ ಅಷ್ಟರಲ್ಲಿ ಅವನ ಬದುಕು ಮುಗಿದಿತ್ತು. ದೊಡ್ಡ ಕೇಂದ್ರಗಳು ಬಾಗಿಲು ಮುಚ್ಚಿದವು. 1964ರಲ್ಲಿ ತೆರಿಗೆ ಇಲಾಖೆ ಬೆನ್ನು ಹತ್ತಿತು: ಪಡೆದ ಹಣಕ್ಕೆ ತೆರಿಗೆ ಕಟ್ಟಿಲ್ಲವೆಂಬ ಆರೋಪ. ಜೊತೆಗೆ ಕುಡಿತ. 1965ರ ಜನವರಿ 20ರಂದು ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಎಲ್ಲವೂ ಕೊನೆಗೊಂಡಿತು.

ಒಂದೇ ಬಗೆಯ ವ್ಯವಹಾರ, ಇಬ್ಬರ ಗತಿ ಬೇರೆ ಬೇರೆ. ಒಬ್ಬ ಬಿಟ್ಟುಕೊಡಬೇಕಾದದ್ದನ್ನು ಸಕಾಲದಲ್ಲಿ ಬಿಟ್ಟುಕೊಟ್ಟ. ಇನ್ನೊಬ್ಬ ರುಜು ಹಾಕಲಿಲ್ಲ.

ತಪ್ಪು ಯಾವುದು?

ವಿಚಾರಣೆಯ ಫಲವಾಗಿ 1960ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಪರ್ಕ ಕಾಯಿದೆಗೆ ತಿದ್ದುಪಡಿ ಬಂತು. ತಪ್ಪಿಗೆ 10,000 ಡಾಲರ್‌ವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡೂ. ಆದರೆ ಕಾನೂನು ತಪ್ಪೆಂದು ಕರೆದದ್ದು ಯಾವುದನ್ನು ಎಂಬುದನ್ನು ಗಮನಿಸಬೇಕು. ಹಾಡು ಹಾಕಲು ಹಣ ಪಡೆಯುವುದನ್ನು ಅದು ನಿಷೇಧಿಸಲಿಲ್ಲ. ಹಣ ಪಡೆದದ್ದನ್ನು ಕೇಳುಗರಿಗೆ ತಿಳಿಸದೆ ಮುಚ್ಚಿಡುವುದನ್ನು ನಿಷೇಧಿಸಿತು. 'ಈ ಹಾಡಿನ ಪ್ರಸಾರಕ್ಕೆ ಇಂಥ ಕಂಪೆನಿ ಹಣ ಕೊಟ್ಟಿದೆ' ಎಂದು ಒಂದು ಮಾತು ಹೇಳಿಬಿಟ್ಟರೆ ಅದು ಬರೀ ಜಾಹೀರಾತು. ಹೇಳದಿದ್ದರೆ ಪೇಯೋಲಾ.

ಈ ಸೂಕ್ಷ್ಮವೇ ಪದದ ತಿರುಳು. ಸೋಪಿನ ಜಾಹೀರಾತು ಕೇಳುವಾಗ ಸೋಪಿನವನು ಕಾಸು ಕೊಟ್ಟಿದ್ದಾನೆಂದು ಕೇಳುಗನಿಗೆ ಗೊತ್ತಿರುತ್ತದೆ. ಅವನು ಅಷ್ಟರಮಟ್ಟಿಗೆ ಎಚ್ಚರವಾಗಿರುತ್ತಾನೆ. ಹಾಡಿನ ವಿಷಯದಲ್ಲಿ ಹಾಗಲ್ಲ. ನಿರೂಪಕ ಅದನ್ನು ಮೆಚ್ಚಿ ಹಾಕಿದ್ದಾನೆ, ಊರಿಗೆಲ್ಲ ಅದು ಹಿಡಿಸಿದೆ ಎಂದೇ ಕೇಳುಗನ ನಂಬಿಕೆ. ಮೂರು ಸಲ ಕೇಳಿದ ಹಾಡು ನಾಲ್ಕನೆಯ ಸಲ ಬಾಯಿಗೆ ಬರುತ್ತದೆ. ಆಗ ಅದು ತನ್ನದೇ ಆಯ್ಕೆ ಎಂದು ಅವನಿಗೆ ಅನ್ನಿಸುತ್ತದೆ. ಪೇಯೋಲಾದಲ್ಲಿ ಕಾಸು ಕೊಂಡುಕೊಳ್ಳುವುದು ಪ್ರಸಾರದ ಸಮಯವನ್ನಷ್ಟೇ ಅಲ್ಲ, ಈ ನಂಬಿಕೆಯನ್ನು.

ಇದಕ್ಕೆ ಇನ್ನೊಂದು ಮುಖವೂ ಉಂಟು. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1979ರಲ್ಲಿ ಪೇಯೋಲಾ ಕುರಿತೇ ಒಂದು ದೀರ್ಘ ಲೇಖನ ಬರೆದರು. ಬೆಲೆಯುಳ್ಳ ವಸ್ತುವಿಗೆ ಬೆಲೆ ಕೇಳದಿದ್ದರೆ ಅದು ಒಂದಲ್ಲ ಒಂದು ದಾರಿಯಲ್ಲಿ ಬಂದೇ ಬರುತ್ತದೆ ಎಂಬ ಧಾಟಿಯ ವಾದ ಅವರದು. ನಿಷೇಧದಿಂದ ಅನುಕೂಲವಾದದ್ದು ಯಾರಿಗೆ ಎಂಬ ಪ್ರಶ್ನೆಯನ್ನೂ ಅವರು ಎತ್ತಿದರು. ಹೆಸರಾಂತ ಗಾಯಕರೂ ದೇಶವ್ಯಾಪಿ ಮಾರಾಟದ ಜಾಲವೂ ಇದ್ದ ದೊಡ್ಡ ಕಂಪೆನಿಗಳಿಗೆ ಡಿಸ್ಕ್ ಜಾಕಿಯ ಹಂಗು ಅಷ್ಟಿರಲಿಲ್ಲ. ಯಾರೂ ಕೇಳದ ಹೆಸರಿನ ಗಾಯಕನನ್ನು ಇಟ್ಟುಕೊಂಡ ಚಿಕ್ಕ ಕಂಪೆನಿಗೆ ಒಳಬರಲು ಇದ್ದ ಒಂದೇ ಕಿಂಡಿ ಅದು.

ಹಳೆಯ ಧಾಟಿಯ ಗೀತಕಾರರ ಸಂಘವಾದ 'ಆಸ್ಕ್ಯಾಪ್' (ಸ್ಥಾಪನೆ 1914) ಮತ್ತು ಪ್ರಸಾರಕರು 1939ರಲ್ಲಿ ಕಟ್ಟಿದ 'ಬಿಎಂಐ' ಸಂಸ್ಥೆಗಳ ನಡುವೆ ಆಗ ದೊಡ್ಡ ಜಗಳವಿತ್ತು. ರಾಕ್ ಅಂಡ್ ರೋಲ್ ಹಾಡುಗಳು ಹೆಚ್ಚಾಗಿ ಬಿಎಂಐ ಪಾಲಿನವು. ಇಂಥ ಸಂಗೀತವನ್ನು ಯಾರಾದರೂ ಇಷ್ಟಪಟ್ಟು ಕೇಳುವುದುಂಟೆ, ಕಾಸು ಕೊಟ್ಟೇ ಹಾಕಿಸುತ್ತಿರಬೇಕು ಎಂಬುದು ಎದುರಾಳಿಗಳ ವಾದ. ಕಾಸು ಕೊಟ್ಟದ್ದು ನಿಜ. ಹದಿಹರೆಯದವರು ಇಷ್ಟಪಟ್ಟದ್ದೂ ನಿಜ. ಚಕ್ ಬೆರಿಯ ಹಾಡು ಕಾಸಿನಿಂದ ಬಾಗಿಲು ದಾಟಿತು, ಉಳಿದದ್ದು ತನ್ನ ಬಲದಿಂದ. ಅದೇ ಕಾಸು ಪಡೆದು ಗಾಳಿಗೇರಿ ಮರೆತುಹೋದ ರೆಕಾರ್ಡುಗಳಿಗೆ ಲೆಕ್ಕವಿಲ್ಲ.

ಆದರೂ ಬೆರಿಯ ಕಡೆಯಿಂದ ನೋಡಿದರೆ ಈ ವಾದಕ್ಕೆ ಕುಂದು ಬರುತ್ತದೆ. ಕಿಂಡಿ ತೆರೆಯಲು ಕೊಟ್ಟ ಕಾಸು ಕಂಪೆನಿಯ ಜೇಬಿನಿಂದ ಹೋಗಲಿಲ್ಲ, ಹಾಡು ಬರೆದವನ ಪಾಲಿನಿಂದ ಹೋಯಿತು. ಅದೂ ಅವನನ್ನು ಕೇಳದೆ.

ಬಾಗಿಲು ಬದಲಾಯಿತು, ಪದ ಬೆಳೆಯಿತು

ಕಾನೂನು ಬಂದ ಮೇಲೆ ಕೇಂದ್ರಗಳು ಹಾಡು ಆರಿಸುವ ಅಧಿಕಾರವನ್ನು ನಿರೂಪಕನಿಂದ ಕಿತ್ತುಕೊಂಡು ಮೇಲಧಿಕಾರಿಗೆ ಕೊಟ್ಟವು. ಕೊಡುವವರಿಗೆ ಕೆಲಸ ಸುಲಭವಾಯಿತು. ಹತ್ತು ಜನರ ಬದಲು ಒಬ್ಬನನ್ನು ನೋಡಿಕೊಂಡರೆ ಸಾಕು. ಮುಂದೆ 'ಸ್ವತಂತ್ರ ಪ್ರಚಾರಕರು' ಎಂಬ ನಡುವಿನವರು ಹುಟ್ಟಿಕೊಂಡರು. ಕಂಪೆನಿ ಇವರಿಗೆ ಶುಲ್ಕ ಕೊಡುತ್ತದೆ, ಇವರು ಕೇಂದ್ರವನ್ನು ನೋಡಿಕೊಳ್ಳುತ್ತಾರೆ. ಕಂಪೆನಿಯ ಕೈ ಶುದ್ಧ. 1986ರಲ್ಲಿ ಎನ್‌ಬಿಸಿ ಟೆಲಿವಿಷನ್ ಈ ಜಾಲದ ಬಗ್ಗೆ ವರದಿ ಮಾಡಿದಾಗ ಮತ್ತೊಂದು ಸುತ್ತಿನ ಗದ್ದಲವಾಯಿತು. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ತನಿಖೆ ನಡೆಸಿದಾಗ, ಪ್ರವಾಸ, ಉಡುಗೊರೆ, ಕೇಳುಗರಂತೆ ನಟಿಸಿ ಹಾಡು ಕೋರಲು ಬಾಡಿಗೆಯ ಕರೆಗಾರರು, ಎಲ್ಲವೂ ಪತ್ತೆಯಾದವು. ಸೋನಿ ಬಿಎಂಜಿ ಒಂದು ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2006ರ ಮಧ್ಯದ ಹೊತ್ತಿಗೆ ಉಳಿದ ಮೂರು ದೊಡ್ಡ ಕಂಪೆನಿಗಳೂ ರಾಜಿಗೆ ಬಂದವು.

ಇತ್ತ ಪದವೂ ಮರಿ ಹಾಕಿತು. ತನಗೆ ಪಾಲಿರುವ ಸರಕನ್ನು ಮಾತಿನ ನಡುವೆ ಹೊಗಳುವುದಕ್ಕೆ 'ಪ್ಲಗೋಲಾ' ಎಂದರು. ಹಣದ ಬದಲು ಮಾದಕ ವಸ್ತು ಕೊಟ್ಟರೆ 'ಡ್ರಗೋಲಾ'. ಯಂತ್ರಗಳ ಹೆಸರಿನಿಂದ ಬಂದ ಬಾಲವೇ ಈಗ ಲಂಚದ ಗುರುತಾಯಿತು. ಪದ ಸಂಗೀತದ ಹೊಸಿಲನ್ನೂ ದಾಟಿತು. ಸರಕಾರದ ಶಿಕ್ಷಣ ನೀತಿಯನ್ನು ಹೊಗಳಲು ಒಬ್ಬ ಅಂಕಣಕಾರ ಸರಕಾರದಿಂದಲೇ ಗುಟ್ಟಾಗಿ ಹಣ ಪಡೆದದ್ದು 2005ರ ಜನವರಿಯಲ್ಲಿ ಬಯಲಾದಾಗ ಅಮೆರಿಕದ ಪತ್ರಿಕೆಗಳು ಬಳಸಿದ್ದು ಇದೇ ಪದವನ್ನು. ತನ್ನ ಸ್ವಂತ ಅಭಿಪ್ರಾಯವೆಂದು ನಂಬಿಸಿ ಬಾಡಿಗೆಯ ಅಭಿಪ್ರಾಯ ಕೊಡುವುದೆಲ್ಲವೂ ಪೇಯೋಲಾ.

ಈಗ ಹಾಡು ಹೆಚ್ಚಾಗಿ ಬರುವುದು ಮೊಬೈಲ್ ಫೋನಿನಲ್ಲಿ. ಮುಂದಿನ ಹಾಡು ಯಾವುದೆಂದು ನಿರ್ಧರಿಸುವುದು ಕಂಪ್ಯೂಟರಿನ ಲೆಕ್ಕಾಚಾರ. 2020ರ ನವೆಂಬರ್‌ನಲ್ಲಿ ಸ್ಪಾಟಿಫೈ ಕಂಪೆನಿ ಒಂದು ಯೋಜನೆ ಪ್ರಕಟಿಸಿತು. ಕಲಾವಿದ ಅಥವಾ ಅವನ ಕಂಪೆನಿ ಕಡಿಮೆ ಗೌರವಧನಕ್ಕೆ ಒಪ್ಪಿದರೆ, ಅವರು ಸೂಚಿಸಿದ ಹಾಡು ಕೇಳುಗರ ಮುಂದೆ ಬರುವ ಸಾಧ್ಯತೆಯನ್ನು ಹೆಚ್ಚಿಸಲಾಗುವುದು ಎಂಬುದು ಅದರ ತಿರುಳು. ಮೊದಲೇ ಹಣ ಕಟ್ಟಬೇಕಿಲ್ಲವಾದ್ದರಿಂದ ಇದು ಪೇಯೋಲಾ ಅಲ್ಲ ಎಂದಿತು ಕಂಪೆನಿ. 2021ರಲ್ಲಿ ಪ್ರತಿನಿಧಿ ಸಭೆಯ ಇಬ್ಬರು ಸದಸ್ಯರು ಈ ಯೋಜನೆಯನ್ನು ಪ್ರಶ್ನಿಸಿ ಪತ್ರ ಬರೆದರು. 1960ರ ಕಾನೂನು ರೇಡಿಯೋ, ಟೆಲಿವಿಷನ್‌ಗಳಿಗೆ ಮಾಡಿದ್ದು. ಈ ಹೊಸ ಬಾಗಿಲಿಗೆ ಅದು ಅನ್ವಯಿಸುವುದಿಲ್ಲ. ಬಿಟ್ಟುಕೊಡುವ ಪಾಲು ಮಾತ್ರ, 'ಮೇಬಲೀನ್' ಕಾಲದಂತೆಯೇ, ಹಾಡಿನ ಸಂಪಾದನೆಯಿಂದಲೇ ಹೋಗುತ್ತದೆ.

ಕಾನೂನು ಕೇಳಿದ ಆ ಒಂದು ಮಾತನ್ನು ಬಾಯಿಬಿಟ್ಟು ಹೇಳಿದವರು ಇಲ್ಲವೇ ಇಲ್ಲ ಎನ್ನುವಂತಿಲ್ಲ. 1998ರಲ್ಲಿ ಆರಿಗಾನ್ ರಾಜ್ಯದ ಪೋರ್ಟ್‌ಲೆಂಡ್‌ನ ಒಂದು ರೇಡಿಯೋ ಕೇಂದ್ರ, ಲಿಂಪ್ ಬಿಜ್ಕಿಟ್ ಎಂಬ ಹೊಸ ತಂಡದ ಹಾಡೊಂದನ್ನು 50 ಸಲ ಹಾಕಲು 5,000 ಡಾಲರ್ ಪಡೆಯಿತು. ಇದು ರೆಕಾರ್ಡ್ ಕಂಪೆನಿಯ ಪ್ರಾಯೋಜನೆ ಎಂದು ಹಾಡಿನ ಜೊತೆಗೇ ಕೇಳುಗರಿಗೆ ತಿಳಿಸಿತು. ಎಲ್ಲವೂ ಕಾನೂನಿನ ಪ್ರಕಾರ, ಬಹಿರಂಗವಾಗಿ. ಆದರೂ ದೇಶದಲ್ಲಿ ಕೋಲಾಹಲವೆದ್ದಿತು. ಮುಚ್ಚಿ ನಡೆಯುವಾಗ ಸುಮ್ಮನಿದ್ದವರೂ ತೆರೆದು ಹೇಳಿದಾಗ ಹೌಹಾರಿದರು. ಆ ಹಾಡಿನ ಹೆಸರು 'ಕೌಂಟರ್‌ಫಿಟ್'. ಅಂದರೆ ಖೋಟಾ ನಾಣ್ಯ.